ದಲ್ಲಾಳಿಯ ನೆರವಿಲ್ಲದೆ ಸ್ವಂತ ಮನೆಯ ಮಾರಾಟ

ಮಹಾನಗರಗಳಲ್ಲಿ ಮನೆ ಮಾರಲು ನಿಶ್ಚಯಿಸಿದವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ದಲ್ಲಾಳಿಯೊಬ್ಬನನ್ನು ಕಾಣುವುದು. ಆತನಿಲ್ಲದೆ ಮನೆ ಮಾರುವಂತೆಯೇ ಇಲ್ಲವೆಂದು ನಂಬಿದವರೂ ಉಂಟು. ಆದರೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮದಲ್ಲಾಗಲಿ 1908ರ ನೋಂದಣಿ ಅಧಿನಿಯಮದಲ್ಲಾಗಲಿ ಮಧ್ಯವರ್ತಿಯೊಬ್ಬನಿರಬೇಕೆಂಬ ನಿಯಮವಿಲ್ಲ. ಸ್ಥಿರಾಸ್ತಿ ವ್ಯವಹಾರದ ನಿಯಂತ್ರಣಕ್ಕಾಗಿ 2016ರಲ್ಲಿ ಬಂದ ಅಧಿನಿಯಮವು ದಲ್ಲಾಳಿಗಳಿಗೆ ನೋಂದಣಿಯನ್ನು ವಿಧಿಸಿದೆಯಾದರೂ, ತಾನು ವಾಸಿಸಿದ ಮನೆಯನ್ನು ತಾನೇ ಮಾರುವ ಒಡೆಯನಿಗೆ ಅಂತಹ ನೋಂದಣಿಯ ಅಗತ್ಯವಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮುಂಬಯಿಯ ಉಪನಗರವೊಂದರಲ್ಲಿ ಮೂವತ್ತು ವರ್ಷ ಬಾಳಿದ ಕನ್ನಡಿಗ ದಂಪತಿ ನಿವೃತ್ತಿಯ ನಂತರ ಊರಿಗೆ ಮರಳಬಯಸುತ್ತಾರೆ. ಅವರ ಫ್ಲ್ಯಾಟಿನ ಬೆಲೆ 90 ಲಕ್ಷ ರೂಪಾಯಿ. ದಲ್ಲಾಳಿಗಳು ಮಾರುವವರಿಂದಲೂ ಕೊಳ್ಳುವವರಿಂದಲೂ ಬೆಲೆಯ ಶೇಕಡಾ 1ರಿಂದ 2ರಷ್ಟನ್ನು ಪಡೆಯುವುದು ರೂಢಿ. ಶೇಕಡಾ 2ರ ಲೆಕ್ಕದಲ್ಲಿ ಈ ದಂಪತಿ ತೆರಬೇಕಾದುದು 1,80,000 ರೂಪಾಯಿ. ಪಿಂಚಣಿಯನ್ನು ನೆಚ್ಚಿದವರಿಗೆ ಇದು ಸಣ್ಣ ಮೊತ್ತವಲ್ಲ. ಆದರೆ ದಲ್ಲಾಳಿಯನ್ನು ಬಿಟ್ಟ ಮಾತ್ರಕ್ಕೆ ಅವನು ಮಾಡುತ್ತಿದ್ದ ಕೆಲಸ ಇಲ್ಲವಾಗುವುದಿಲ್ಲ. ಅದು ಒಡೆಯನ ಹೆಗಲಿಗೆ ಬರುತ್ತದೆ. ಆ ಕೆಲಸದಲ್ಲಿ ಎಡವಿದರೆ ಆಗುವ ನಷ್ಟ ಉಳಿಸಿದ ದಲ್ಲಾಳಿಗಿಂತ ಎಷ್ಟೋ ಪಾಲು ದೊಡ್ಡದಾಗಿರಬಹುದು.

ಮೊದಲು ಕಾಗದಪತ್ರ

ಜಾಹೀರಾತು ಕೊಟ್ಟ ಮೇಲೆ ಕಾಗದಪತ್ರ ಹುಡುಕಲು ಕುಳಿತವರೇ ಹೆಚ್ಚಾಗಿ ತೊಂದರೆಗೆ ಸಿಲುಕುವವರು. ಗಿರಾಕಿ ಮುಂಗಡ ಹಿಡಿದು ಬಾಗಿಲಲ್ಲಿ ನಿಂತಾಗ ಹಳೆಯ ಕರಾರಿನ ಮೂಲಪ್ರತಿ ಕಾಣೆಯಾಗಿದೆಯೆಂದು ತಿಳಿದರೆ ಬೆಲೆ ಅಲ್ಲಿಯೇ ಇಳಿಯುತ್ತದೆ. ಆದುದರಿಂದ ಮನೆ ಮಾರುವ ವಿಚಾರವನ್ನು ನೆರೆಯವರಿಗೆ ಹೇಳುವುದಕ್ಕೂ ಮುನ್ನ ದಾಖಲೆಗಳನ್ನು ಒಟ್ಟುಗೂಡಿಸತಕ್ಕದ್ದು. ಕಟ್ಟಡ ನಿರ್ಮಿಸಿದವರಿಂದ ಮೊದಲ ಕೊಳ್ಳುವವರಿಗೆ, ಅವರಿಂದ ಈಗಿನ ಒಡೆಯರಿಗೆ ಆದ ಪ್ರತಿಯೊಂದು ನೋಂದಾಯಿತ ಕರಾರು, ಸಹಕಾರಿ ಗೃಹನಿರ್ಮಾಣ ಸಂಘದ ಷೇರುಪತ್ರ, ವಾಸಯೋಗ್ಯತಾ ಪತ್ರದ ಪ್ರತಿ, ಆಸ್ತಿ ತೆರಿಗೆ ಮತ್ತು ಸೊಸೈಟಿ ಶುಲ್ಕದ ಇತ್ತೀಚಿನ ರಸೀದಿಗಳು ಕೈಯಲ್ಲಿರಬೇಕು.

ಆಸ್ತಿಯ ಮೇಲೆ ಸಾಲದ ಭಾರವಿದೆಯೆ ಎಂಬುದನ್ನು ಕೊಳ್ಳುವವರು ಪರಿಶೀಲಿಸಿಯೇ ತೀರುತ್ತಾರೆ. ಚೆನ್ನೈ, ಹೈದರಾಬಾದುಗಳಲ್ಲಿ ಉಪನೋಂದಣಾಧಿಕಾರಿಯ ಕಚೇರಿಯಿಂದ ಪಡೆಯುವ ಋಣಭಾರ ಪ್ರಮಾಣಪತ್ರವನ್ನೂ, ಮುಂಬಯಿ, ಪುಣೆಗಳಲ್ಲಿ ನೋಂದಣಿ ಕಚೇರಿಯ ಇಂಡೆಕ್ಸ್-2 ಪ್ರತಿಯನ್ನೂ ಒಡೆಯರೇ ಮುಂದಾಗಿ ತೆಗೆಸಿಟ್ಟುಕೊಂಡರೆ ಮಾತುಕತೆಯಲ್ಲಿ ಅವರ ಮಾತಿಗೆ ತೂಕ ಬರುತ್ತದೆ. ಗೃಹಸಾಲ ತೀರಿದ್ದು ಮೂಲಪತ್ರಗಳು ಇನ್ನೂ ಬ್ಯಾಂಕಿನಲ್ಲಿದ್ದರೆ ಕೇಳಿ ಪಡೆಯತಕ್ಕದ್ದು. ಪೂರ್ಣ ಮರುಪಾವತಿಯಾದ 30 ದಿನಗಳೊಳಗೆ ಪತ್ರಗಳನ್ನು ಹಿಂದಿರುಗಿಸಬೇಕು, ತಪ್ಪಿದರೆ ವಿಳಂಬದ ಪ್ರತಿ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ಭಾರತೀಯ ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರಿನಲ್ಲಿ ಆದೇಶಿಸಿದೆ. ಸಾಲ ಇನ್ನೂ ಬಾಕಿಯಿದ್ದರೂ ಮಾರಾಟ ಸಾಧ್ಯ. ಕೊಳ್ಳುವವರ ಹಣದ ಒಂದು ಭಾಗ ನೇರವಾಗಿ ಆ ಸಾಲಕ್ಕೆ ಸಂದಾಯವಾಗುವಂತೆ ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು.

ತಂದೆಯ ಹೆಸರಿನಲ್ಲಿದ್ದ ಫ್ಲ್ಯಾಟನ್ನು ಮಗ ಮಾರಲು ಹೊರಟಾಗ ಏಳುವ ತೊಡಕು ಇನ್ನೂ ಗಂಭೀರವಾದುದು. ಸೊಸೈಟಿಯಲ್ಲಿ ತನ್ನನ್ನು ನಾಮನಿರ್ದೇಶನ ಮಾಡಿದ್ದಾರೆ, ಆದುದರಿಂದ ಮನೆ ತನ್ನದೇ ಎಂದು ಅನೇಕರು ತಿಳಿದಿದ್ದಾರೆ. ಈ ತಿಳಿವಳಿಕೆ ತಪ್ಪು. ನಾಮನಿರ್ದೇಶನದಿಂದ ಸಂಘದೊಡನೆ ವ್ಯವಹರಿಸುವ ಅನುಕೂಲ ದೊರೆಯುವುದೇ ಹೊರತು ಒಡೆತನ ದೊರೆಯುವುದಿಲ್ಲ; ಒಡೆತನ ಉಯಿಲಿನ ಮೇರೆಗೆ ಅಥವಾ ಉತ್ತರಾಧಿಕಾರದ ಕಾನೂನಿನ ಮೇರೆಗೆ ವಾರಸುದಾರರಿಗೆ ಸೇರುತ್ತದೆ. ಮದುವೆಯಾಗಿ ಬೇರೆ ಊರಿನಲ್ಲಿ ನೆಲೆಸಿದ ಅಕ್ಕತಂಗಿಯರ ಹಕ್ಕೂ ಇದರಲ್ಲಿ ಸೇರಿದೆ. ಅವರೆಲ್ಲರೂ ಮಾರಾಟಕ್ಕೆ ಸಹಿ ಹಾಕಬೇಕು ಅಥವಾ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಮಾಡಿಕೊಡಬೇಕು. ಒಡಹುಟ್ಟಿದವರನ್ನು ಒಪ್ಪಿಸುವ ಕೆಲಸಕ್ಕೆ ಹೇಗೂ ದಲ್ಲಾಳಿ ಬರುವುದಿಲ್ಲ.

ದೆಹಲಿಯ ಸ್ಥಿತಿ ಪ್ರತ್ಯೇಕವಾದುದು. ಅಲ್ಲಿ ದೀರ್ಘಕಾಲ ಎಷ್ಟೋ ಮನೆಗಳು ಮುಖ್ತ್ಯಾರುನಾಮೆಯ ಮೇಲೆ ಕೈ ಬದಲಾಯಿಸಿದವು. 2011ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ, ಇಂತಹ ವ್ಯವಹಾರದಿಂದ ಒಡೆತನ ವರ್ಗವಾಗುವುದಿಲ್ಲ, ನೋಂದಾಯಿತ ಕ್ರಯಪತ್ರದಿಂದ ಮಾತ್ರ ವರ್ಗವಾಗುತ್ತದೆ ಎಂದು ತೀರ್ಪಿತ್ತಿತು. ಕೈಯಲ್ಲಿ ಮುಖ್ತ್ಯಾರುನಾಮೆ ಮಾತ್ರ ಇರುವವರು ಮೊದಲು ತಮ್ಮ ಹಕ್ಕನ್ನು ಕ್ರಮಬದ್ಧಗೊಳಿಸಿಕೊಂಡು ಅನಂತರ ಮಾರಾಟಕ್ಕೆ ಇಳಿಯುವುದು ಕ್ಷೇಮ.

ಬೆಲೆ ಮತ್ತು ಗಿರಾಕಿ

ದಲ್ಲಾಳಿಯ ನಿಜವಾದ ಬಂಡವಾಳವೆಂದರೆ ಆ ಬೀದಿಯಲ್ಲಿ ಯಾವ ಮನೆ ಎಷ್ಟಕ್ಕೆ ಹೋಯಿತೆಂಬ ಜ್ಞಾನ. ಅದನ್ನು ಒಡೆಯರೂ ಸಂಪಾದಿಸಬಹುದು. ಅದೇ ಕಟ್ಟಡದಲ್ಲಿ ಅಥವಾ ಪಕ್ಕದಲ್ಲಿ ಹಿಂದಿನ ಒಂದು ವರ್ಷದಲ್ಲಿ ನೋಂದಣಿಯಾದ ಬೆಲೆಗಳನ್ನು ವಿಚಾರಿಸಿ, ಕಾರ್ಪೆಟ್ ವಿಸ್ತೀರ್ಣದ ಚದರಡಿಯ ಲೆಕ್ಕಕ್ಕೆ ಇಳಿಸಿ ಹೋಲಿಸಬೇಕು. ಜಾಹೀರಾತಿನಲ್ಲಿ ಕೇಳಿದ ಬೆಲೆ ಬೇರೆ, ಕೊನೆಗೆ ಕುದುರಿದ ಬೆಲೆ ಬೇರೆ ಎಂಬುದನ್ನು ಮರೆಯಬಾರದು.

ಇದರೊಡನೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ದರವನ್ನೂ ನೋಡತಕ್ಕದ್ದು. ಮಹಾರಾಷ್ಟ್ರದಲ್ಲಿ ರೆಡಿ ರೆಕನರ್, ದೆಹಲಿಯಲ್ಲಿ ಸರ್ಕಲ್ ದರ, ಕರ್ನಾಟಕದಲ್ಲಿ ಮಾರ್ಗಸೂಚಿ ಬೆಲೆ ಎಂದು ಕರೆಯಲಾಗುವ ಈ ದರ ಮುದ್ರಾಂಕ ಶುಲ್ಕಕ್ಕಷ್ಟೇ ಅಲ್ಲದೆ ಆದಾಯ ತೆರಿಗೆಗೂ ಸಂಬಂಧಿಸಿದೆ. ಸರ್ಕಾರಿ ಮೌಲ್ಯವು ಮಾರಾಟದ ಬೆಲೆಗಿಂತ ಶೇಕಡಾ 10ಕ್ಕೂ ಮೀರಿ ಹೆಚ್ಚಾಗಿದ್ದರೆ ತೆರಿಗೆಯ ಲೆಕ್ಕಕ್ಕೆ ಆ ಮೌಲ್ಯವನ್ನೇ ಬೆಲೆಯೆಂದು ಹಿಡಿಯಲಾಗುತ್ತದೆ. 90 ಲಕ್ಷಕ್ಕೆ ಮಾರಿದ ಮನೆಯ ಸರ್ಕಾರಿ ಮೌಲ್ಯ 1 ಕೋಟಿಯಾಗಿದ್ದರೆ, ಕೈಗೆ ಬಾರದ 10 ಲಕ್ಷಕ್ಕೂ ಲೆಕ್ಕ ಕೊಡಬೇಕಾಗುತ್ತದೆ. ಅವಸರದಲ್ಲಿ ಬೆಲೆ ಇಳಿಸುವವರು ಈ ಗೆರೆಯನ್ನು ಮೊದಲೇ ತಿಳಿದಿರಬೇಕು.

ಗಿರಾಕಿಯನ್ನು ಹುಡುಕಲು ಸೊಸೈಟಿಯ ಸೂಚನಾ ಫಲಕ, ಪತ್ರಿಕೆಯ ಕಿರುಜಾಹೀರಾತು, ಅಂತರಜಾಲದ ಜಾಹೀರಾತು, ಊರಿನವರ ಸಂಘ ಇವೆಲ್ಲವೂ ಉಪಯುಕ್ತ. ಅದೇ ಕಟ್ಟಡದ ಬಾಡಿಗೆದಾರರು ಅನೇಕ ವೇಳೆ ಉತ್ತಮ ಗಿರಾಕಿಗಳಾಗುತ್ತಾರೆ. ಮನೆ ತೋರಿಸುವಾಗ ಒಬ್ಬರೇ ಇರದಿರುವುದು ಒಳ್ಳೆಯದು. ಮೂಲಪತ್ರಗಳನ್ನು ಯಾರ ಕೈಗೂ ಕೊಡಬಾರದು; ಕೊಡುವ ಪ್ರತಿಗಳ ಮೇಲೆ ಪರಿಶೀಲನೆಗೆ ಮಾತ್ರ ಎಂದು ಬರೆದು ದಿನಾಂಕ ಹಾಕಬೇಕು. ಮನೆಯನ್ನು ನೋಡದೆಯೇ ಮುಂಗಡ ಕಳುಹಿಸುವೆನೆಂದು ದೂರವಾಣಿಯಲ್ಲಿ ಹೇಳಿ, ಮೊಬೈಲಿಗೆ ಸಂಕೇತಚಿತ್ರವೊಂದನ್ನು ರವಾನಿಸಿ ಸ್ಕ್ಯಾನ್ ಮಾಡಿರೆನ್ನುವವರು ವಂಚಕರು. ಯುಪಿಐ ಮೂಲಕ ಹಣ ಪಡೆಯಲು ಸ್ಕ್ಯಾನ್ ಮಾಡುವ ಅಥವಾ ಗುಪ್ತಸಂಖ್ಯೆ ಒತ್ತುವ ಅಗತ್ಯ ಎಂದೂ ಇಲ್ಲ.

ಮನೆಯ ದೋಷವನ್ನು ಮುಚ್ಚಿಡಬಾರದು. ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವರಿಗೆ ಗೋಚರಿಸದಂತಹ ಮಹತ್ವದ ದೋಷ ತನಗೆ ತಿಳಿದಿದ್ದರೆ ಅದನ್ನು ಹೇಳುವುದು ಮಾರುವವರ ಕರ್ತವ್ಯವೆಂದು 1882ರ ಅಧಿನಿಯಮದ 55ನೆಯ ಪ್ರಕರಣ ವಿಧಿಸುತ್ತದೆ. ಮಳೆಗಾಲದಲ್ಲಿ ಸೋರುವ ಗೋಡೆಗೆ ಬೇಸಗೆಯಲ್ಲಿ ಬಣ್ಣ ಬಳಿದು ಮಾರುವ ಜಾಣತನ ಮುಂದೆ ದಾವೆಗೆ ದಾರಿಯಾಗಬಹುದು. ಮಾರಾಟದ ದಿನದವರೆಗಿನ ತೆರಿಗೆ ಬಾಕಿಯೂ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮಾರುವವರದೇ.

ಕರಾರು ಮತ್ತು ಹಣ

ಬೆಲೆ ಕುದುರಿದೊಡನೆ ಸಂಚಕಾರ ಪಡೆಯುವುದು ವಾಡಿಕೆ. ಇದನ್ನು ಬ್ಯಾಂಕಿನ ಮೂಲಕವೇ ಪಡೆದು, ಒಪ್ಪಿದ ಬೆಲೆ, ಬಾಕಿ ಹಣದ ಗಡುವು ಮತ್ತು ವ್ಯವಹಾರ ಮುರಿದುಬಿದ್ದರೆ ಸಂಚಕಾರದ ಗತಿಯೇನು ಎಂಬುದನ್ನು ಬರಹದಲ್ಲಿ ಇಡಬೇಕು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು 2015ರ ಜೂನ್ 1ರಿಂದ ನಿಷೇಧಿಸಲಾಗಿದೆ. ದಂಡದ ಹೊಣೆ ನಗದು ಪಡೆದವರದು, ಅಂದರೆ ಮಾರುವವರದು. ಸ್ವಲ್ಪ ಭಾಗ ನಗದಾಗಿರಲಿ ಎಂಬ ಸಲಹೆ ದಲ್ಲಾಳಿಯಿಂದ ಬಂದರೂ ಗಿರಾಕಿಯಿಂದ ಬಂದರೂ ಒಪ್ಪತಕ್ಕದ್ದಲ್ಲ.

ಕರಾರನ್ನು ವಕೀಲರಿಂದಲೇ ಬರೆಸಬೇಕು. ದಲ್ಲಾಳಿಯನ್ನು ಉಳಿಸಿದವರು ವಕೀಲರ ಶುಲ್ಕವನ್ನೂ ಉಳಿಸಹೊರಡುವುದು ವಿವೇಕವಲ್ಲ. ಕರಾರಿನ ಹಲವು ಷರತ್ತುಗಳಲ್ಲಿ ಮಾರುವವರ ಪ್ರಾಣವಿರುವುದು ಒಂದರಲ್ಲಿ: ಪೂರ್ಣ ಹಣ ಖಾತೆಗೆ ಜಮೆಯಾದ ಮೇಲೆಯೇ ಮನೆಯ ಸ್ವಾಧೀನ ಬಿಡುವುದು. ಮುಂಬಯಿ, ಪುಣೆಗಳಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ಅಲ್ಲಿ ಸಾಮಾನ್ಯವಾಗಿ ಬೆಲೆಯ ಒಂದು ಭಾಗ ಸಂದ ಹಂತದಲ್ಲಿಯೇ ಮಾರಾಟದ ಕರಾರು ಪೂರ್ಣ ಮುದ್ರಾಂಕ ಶುಲ್ಕದೊಡನೆ ನೋಂದಣಿಯಾಗುತ್ತದೆ, ಉಳಿದ ಹಣ ಕೊಳ್ಳುವವರ ಬ್ಯಾಂಕಿನ ಸಾಲದಿಂದ ಕೆಲವು ವಾರಗಳ ಅನಂತರ ಬರುತ್ತದೆ. ಈ ನಡುವಿನ ವಾರಗಳಲ್ಲಿ, ಮಕ್ಕಳ ಶಾಲೆ ಆರಂಭವಾಗುತ್ತದೆ, ಸಾಮಾನು ಇರಿಸಿಕೊಳ್ಳುತ್ತೇವೆ ಎಂಬ ಕೋರಿಕೆಗೆ ಮಣಿದು ಬೀಗದ ಕೈ ಕೊಟ್ಟವರು ಬಾಕಿ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಬಹುದು. ಸಲ್ಲದ ಹಣಕ್ಕೆ ಆಸ್ತಿಯ ಮೇಲೆ ಮಾರುವವರ ಭಾರ ಉಳಿಯುತ್ತದೆಂದು ಕಾನೂನು ಹೇಳುವುದು ನಿಜ. ಆದರೆ ಅದನ್ನು ಜಾರಿಗೊಳಿಸಿಕೊಳ್ಳಲು ವರ್ಷಗಳೇ ಬೇಕು. ಚೆಕ್ಕಿನ ಹಣ ಜಮೆಯಾಗುವವರೆಗೆ ಅದನ್ನು ಹಣವೆಂದು ತಿಳಿಯಬಾರದು. ಆರ್‌ಟಿಜಿಎಸ್ ಸೌಲಭ್ಯ 2020ರ ಡಿಸೆಂಬರಿನಿಂದ ದಿನದ ಎಲ್ಲ ಹೊತ್ತಿನಲ್ಲಿಯೂ ದೊರೆಯುತ್ತಿರುವುದರಿಂದ ಕಾಯಬೇಕಾದ ಕಾರಣವೂ ಕಡಿಮೆಯಾಗಿದೆ.

ಸಹಕಾರಿ ಸಂಘದ ಫ್ಲ್ಯಾಟಾದರೆ, ಮಹಾರಾಷ್ಟ್ರದ ಮಾದರಿ ಉಪವಿಧಿಗಳಂತೆ, ವರ್ಗಾವಣೆಯ ಉದ್ದೇಶವನ್ನು ಕಾರ್ಯದರ್ಶಿಗೆ 15 ದಿನ ಮುಂಚಿತವಾಗಿ ಲಿಖಿತದಲ್ಲಿ ತಿಳಿಸಬೇಕು. ಕೊಳ್ಳುವವರ ಬ್ಯಾಂಕು ಸಾಮಾನ್ಯವಾಗಿ ಸಂಘದ ನಿರಾಕ್ಷೇಪಣಾ ಪತ್ರವನ್ನು ಕೇಳುತ್ತದೆ. ವರ್ಗಾವಣೆಯ ಪ್ರೀಮಿಯಂ ಎಂದು ಸಂಘಗಳು ಮನಬಂದಂತೆ ವಸೂಲು ಮಾಡುವುದನ್ನು ತಡೆಯಲು ರಾಜ್ಯ ಸರ್ಕಾರವು 2001ರ ಆಗಸ್ಟ್ ತಿಂಗಳ ಆದೇಶದಲ್ಲಿ ಮಹಾನಗರಪಾಲಿಕೆಗಳ ವ್ಯಾಪ್ತಿಯಲ್ಲಿ 25,000 ರೂಪಾಯಿಗಳ ಗರಿಷ್ಠ ಮಿತಿ ವಿಧಿಸಿತು. ಅದಕ್ಕೂ ಮೇಲೆ ಕಟ್ಟಡ ನಿಧಿಗೆ ದೇಣಿಗೆ ಕೇಳಿದರೆ ಆದೇಶದ ಪ್ರತಿಯನ್ನು ವಿನಯದಿಂದ ಮುಂದಿಡಬಹುದು.

ತೆರಿಗೆಯ ಲೆಕ್ಕ

ಬೆಲೆ ಅಥವಾ ಸರ್ಕಾರಿ ಮೌಲ್ಯ 50 ಲಕ್ಷ ರೂಪಾಯಿ ಮುಟ್ಟಿದ್ದರೆ ಕೊಳ್ಳುವವರು ಎರಡರಲ್ಲಿ ಹೆಚ್ಚಿನದರ ಶೇಕಡಾ 1ನ್ನು ಮುರಿದುಕೊಂಡು ಮಾರುವವರ ಪ್ಯಾನ್ ಸಂಖ್ಯೆಗೆ ಕಟ್ಟಬೇಕು. ಸರ್ಕಾರಿ ಮೌಲ್ಯವೂ 90 ಲಕ್ಷದೊಳಗಿದ್ದರೆ ಮುಂಬಯಿಯ ದಂಪತಿಯ ಹಣದಲ್ಲಿ ಹೀಗೆ ಮುರಿಯುವುದು 90,000 ರೂಪಾಯಿ. ಮನೆ ಇಬ್ಬರ ಹೆಸರಿನಲ್ಲಿದ್ದರೆ ಇಬ್ಬರ ಪ್ಯಾನ್ ಸಂಖ್ಯೆಗೂ ಅವರವರ ಪಾಲಿನಂತೆ ಕಟ್ಟಿಸಿ ಪ್ರಮಾಣಪತ್ರ ಪಡೆಯಬೇಕು. ಪ್ರಮಾಣಪತ್ರವಿಲ್ಲದೆ ಬಿಟ್ಟರೆ ಆ ಹಣ ತೆರಿಗೆ ವಿವರಣೆಯಲ್ಲಿ ಜಮೆಯಾಗಿದೆಯೇ ಎಂದು ಮುಂದೆ ಅಲೆಯಬೇಕಾದೀತು. ಮಾರುವವರು ವಿದೇಶದಲ್ಲಿ ನೆಲೆಸಿದ ಅನಿವಾಸಿಗಳಾದರೆ ಕಡಿತದ ನಿಯಮ ಬೇರೆ, ದರವೂ ಹೆಚ್ಚು.

24 ತಿಂಗಳಿಗೂ ಮೀರಿ ಕೈಯಲ್ಲಿದ್ದ ಮನೆಯ ಲಾಭ ದೀರ್ಘಾವಧಿ ಬಂಡವಾಳ ಲಾಭ. 2024ರ ಜುಲೈ 23ರಿಂದ ಇದರ ಮೇಲಿನ ತೆರಿಗೆ ಶೇಕಡಾ 12.5. ಆ ದಿನಾಂಕಕ್ಕೆ ಮುಂಚೆ ಕೊಂಡ ಮನೆಯಾದರೆ ಭಾರತದ ನಿವಾಸಿಗಳು ಹಣದುಬ್ಬರದ ಸೂಚ್ಯಂಕ ಹಿಡಿದು ಶೇಕಡಾ 20ರ ಲೆಕ್ಕವನ್ನೂ ಮಾಡಿ, ಎರಡರಲ್ಲಿ ಕಡಿಮೆಯಾದುದನ್ನು ತೆರಬಹುದು. ಹಳೆಯ ಮನೆಗಳ ವಿಷಯದಲ್ಲಿ ಎರಡೂ ಲೆಕ್ಕಗಳನ್ನು ಮಾಡಿಸದೆ ತೆರಿಗೆ ಕಟ್ಟಬಾರದು. ಮಾರಾಟದ ಎರಡು ವರ್ಷದೊಳಗೆ ದೇಶದಲ್ಲಿ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ಅದಕ್ಕೆ ತೊಡಗಿಸಿದ ಲಾಭಕ್ಕೆ ವಿನಾಯಿತಿಯುಂಟು. ಊರಿಗೆ ಮರಳಿ ಮನೆ ಕಟ್ಟುವ ದಂಪತಿಗೆ ಇದು ಹೇಳಿ ಮಾಡಿಸಿದಂತಿದೆ. ಆದರೆ ಕಟ್ಟಡದ ಪ್ರತಿಯೊಂದು ಬಿಲ್ಲನ್ನೂ ಜೋಪಾನವಾಗಿಡಬೇಕು.

ನೋಂದಣಿಯ ಸಮಯದಲ್ಲಿ ಗುರುತಿನ ಪತ್ರದ ಮೂಲಪ್ರತಿ, ಪ್ಯಾನ್ ಕಾರ್ಡು ಮತ್ತು ಇಬ್ಬರು ಸಾಕ್ಷಿಗಳು ಸಿದ್ಧವಿರಲಿ. ಸಹಿ ಹಾಕಿದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕೆಂಬುದು ನಿಯಮವಾದರೂ ಸಹಿ ಮತ್ತು ನೋಂದಣಿ ಒಂದೇ ದಿನ ಆಗುವುದು ಲೇಸು. ಪೂರ್ಣ ಹಣ ಜಮೆಯಾದೊಡನೆ ಬೀಗದ ಕೈ ಮತ್ತು ಮೂಲಪತ್ರಗಳನ್ನು ಕೊಟ್ಟು, ಕೊಟ್ಟ ಪ್ರತಿಯೊಂದಕ್ಕೂ ಕೊಳ್ಳುವವರ ಸಹಿ ಪಡೆದು ಒಂದು ಸ್ವಾಧೀನಪತ್ರ ಬರೆಸಿಕೊಳ್ಳಬೇಕು. ಅಂದಿನ ವಿದ್ಯುತ್ ಮಾಪಕದ ಅಂಕಿಯನ್ನು ಅದರಲ್ಲಿಯೇ ನಮೂದಿಸಿ, ಷೇರುಪತ್ರ, ವಿದ್ಯುತ್ ಮತ್ತು ಆಸ್ತಿ ತೆರಿಗೆಯ ದಾಖಲೆಗಳಲ್ಲಿ ಹೆಸರು ಬದಲಾಗುವವರೆಗೆ ಆಗಾಗ ವಿಚಾರಿಸುತ್ತಿರಬೇಕು. ಮನೆಯನ್ನು ಕೊಂಡ ಕಾಲದ ಹಳೆಯ ಕರಾರಿನ ಮತ್ತು ಖರ್ಚಿನ ರಸೀದಿಗಳ ಒಂದೊಂದು ಪ್ರತಿಯನ್ನು ಮಾರಿದವರು ತಮ್ಮ ಬಳಿ ಇಟ್ಟುಕೊಂಡೇ ಊರಿಗೆ ಹೊರಡಬೇಕು. ತೆರಿಗೆ ಕಚೇರಿ ಅವನ್ನು ವರ್ಷಗಳ ಅನಂತರವೂ ಕೇಳಬಹುದು.