ಹಳೆಯ ಓಟದ ಕಾರನ್ನು ಕೊಳ್ಳಬಹುದೇ?

ಕುಂದಾಪುರದ ಸಮೀಪದ ತಲ್ಲೂರಿನವರೊಬ್ಬರಿಗೆ ಹಳೆಯ ‘ಸ್ಯಾನ್ ಸ್ಟಾರ್ಮ್’ ಕಾರಿನ ಮೇಲೆ ಮನಸ್ಸಾಗಿದೆಯೆಂದು ಭಾವಿಸೋಣ. ಸ್ಯಾನ್ ಮೋಟರ್ಸ್ ಸಂಸ್ಥೆಯು 1998ರಲ್ಲಿ ಹೊರತಂದ ಈ ಎರಡಾಸನದ ವಾಹನದ ಹೊರಮೈ ಗಾಜಿನ ನಾರಿನದು. ಎಂಜಿನ್ ರೆನೋ ಕಂಪೆನಿಯದು. ತಯಾರಿಕೆ ನಿಂತು ಎಷ್ಟೋ ವರ್ಷಗಳಾದುವು, ಬಿಡಿಭಾಗಗಳು ದುರ್ಲಭ.

ಇಂಥ ಕಾರುಳ್ಳ ಮೂವರು “ವರ್ಷವಿಡೀ ಕೆಡಲಿಲ್ಲ” ಎಂದರೆನ್ನೋಣ. ಇಷ್ಟು ಸಾಕ್ಷ್ಯ ಸಾಕೇ? ವರ್ಷಕ್ಕೆ ಹತ್ತರಲ್ಲಿ ಮೂರು ಕೆಡುವಂಥ ಮಾದರಿಯಾದರೂ ಮೂರೂ ಕಾರುಗಳು ಕೆಡದೆ ಉಳಿಯುವ ಸಂಭಾವ್ಯತೆ 0.7 × 0.7 × 0.7, ಅಂದರೆ 0.343. ಮೂರು ಸಲಕ್ಕೊಮ್ಮೆ ಕಳಪೆ ಕಾರಿಗೂ ಒಳ್ಳೆಯ ಹೆಸರು ಬಂದೀತು! ಹತ್ತು ಮಂದಿ ಹಾಗೆಂದರೆ ಈ ಸಂಭಾವ್ಯತೆ 0.028ಕ್ಕೆ ಇಳಿಯುವುದು. ಆದರೆ ಇಷ್ಟು ವಿರಳವಾದ ಕಾರಿಗೆ ಹತ್ತು ಮಂದಿಯನ್ನು ಎಲ್ಲಿ ಹುಡುಕೋಣ?

ಆದುದರಿಂದ ಕಾರನ್ನೇ ಪರೀಕ್ಷಿಸಬೇಕು. ಗಾಜಿನ ನಾರು ತುಕ್ಕು ಹಿಡಿಯದು. ಅಡಿಯ ಉಕ್ಕಿನ ಭಾಗಗಳ ಮಾತು ಬೇರೆ. ಕಡಲ ಗಾಳಿಯ ಉಪ್ಪು ತೇವದಲ್ಲಿ ಕರಗಿ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವುದರಿಂದ ಅಲ್ಲಿ ತುಕ್ಕು ಬೇಗ ಬೆಳೆಯುವುದು. ಹೊಳೆಯುವ ಹೊರಮೈ ಅದನ್ನು ಮರೆಸುವುದು. ಕಾರನ್ನೆತ್ತಿ ಅಡಿಭಾಗ ತೋರಿಸಲೊಪ್ಪದ ಮಾರಾಟಗಾರನೊಡನೆ ನಾವು ಬೆಲೆಯ ಮಾತನ್ನೇ ಆಡಲಾರೆವು. ಅಡಿಭಾಗ ಗಟ್ಟಿಯಾಗಿದ್ದರೂ, ಒಂದು ಬಿಡಿಭಾಗಕ್ಕಾಗಿ ತಿಂಗಳುಗಟ್ಟಲೆ ಕಾಯುವಾಗ ದಿನದ ಓಡಾಟಕ್ಕೆ ಬೇರೆ ವಾಹನವುಳ್ಳವರು ಮಾತ್ರ ಇದನ್ನು ಕೊಳ್ಳಬಹುದು.