ಜೀನಿನ ಚಿಂತೆ ಬಿಡು, ಲಿವರ್ ನೋಡಿಸು

ನೋಡು ಮಗು, ಹೆಪಟೈಟಿಸ್ ಸಿ ಅಂತ ರಿಪೋರ್ಟ್ ಬಂದ ಮೇಲೆ ನೀನು ರಿಚರ್ಡ್ಸ್ ಪಾರ್ಕಿಗೆ ವಾಕಿಂಗ್ ಬರೋದನ್ನೂ ಬಿಟ್ಟೆಯಂತೆ. ನಿಮ್ಮ ದೊಡ್ಡಪ್ಪನಿಗೆ ಔಷಧಿ ಹಿಡಿಯಲಿಲ್ಲ, ನಮ್ಮ ವಂಶದ ರಕ್ತವೇ ಹಾಗೆ ಅಂತ ನಿಮ್ಮಮ್ಮ ಅತ್ತರು. ಅವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದರ ಕಾಲ ಮುಗಿದಿದೆ.

ದೊಡ್ಡಪ್ಪನ ಕಾಲಕ್ಕೆ ಇದ್ದದ್ದು ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ದಿನಾ ರಿಬಾವಿರಿನ್. ಆರು ತಿಂಗಳು, ಕೆಲವರಿಗೆ ಹೆಚ್ಚುಕಡಿಮೆ ಒಂದು ವರ್ಷ. ಚುಚ್ಚಿಸಿಕೊಂಡ ರಾತ್ರಿ ಚಳಿಜ್ವರ, ಮೈಕೈ ನೋವು. ಹಿಮೋಗ್ಲೋಬಿನ್ ಇಳಿದು ಒಂದು ಮಹಡಿ ಹತ್ತಿದರೆ ಏದುಸಿರು. ಇಷ್ಟು ಪಟ್ಟ ಮೇಲೂ ಒಬ್ಬನಿಗೆ ವಾಸಿ, ಇನ್ನೊಬ್ಬನಿಗಿಲ್ಲ. ಇಂಟರ್‌ಫೆರಾನ್ ತಾನೇ ವೈರಸ್ ಕೊಲ್ಲುತ್ತಿರಲಿಲ್ಲ, ನಮ್ಮ ಮೈಯನ್ನು ಎಬ್ಬಿಸಿ ಅದರ ಕೈಲಿ ಕೆಲಸ ಮಾಡಿಸುತ್ತಿತ್ತು. ಹಾಗಾಗಿ ಮೈಯ ಗುಣವೂ ಲೆಕ್ಕಕ್ಕೆ ಬರುತ್ತಿತ್ತು. ಆ ಗುಣದ ಒಂದು ಗುಟ್ಟು ಸಿಕ್ಕಿದ್ದು 2009ರಲ್ಲಿ. 19ನೇ ಕ್ರೋಮೋಸೋಮಿನಲ್ಲಿ, ಐಎಲ್28ಬಿ ಅನ್ನೋ ಜೀನಿನ ಹತ್ತಿರ ಒಂದೇ ಒಂದು ಅಕ್ಷರದ ವ್ಯತ್ಯಾಸ. 1ನೇ ಬಗೆಯ ವೈರಸ್ ಇದ್ದವರಲ್ಲಿ, ತಂದೆತಾಯಿ ಇಬ್ಬರಿಂದಲೂ ‘ಸಿ’ ಪಡೆದವರಿಗೆ ಇಬ್ಬರಿಂದಲೂ ‘ಟಿ’ ಪಡೆದವರಿಗಿಂತ ವಾಸಿಯಾಗುವ ಸಾಧ್ಯತೆ ಸುಮಾರು ಎರಡು ಪಟ್ಟು. ರಿಬಾವಿರಿನ್‌ಗೆ ಯಾರ ರಕ್ತ ಎಷ್ಟು ಇಳಿಯುತ್ತದೆ ಅನ್ನೋದರಲ್ಲೂ ಐಟಿಪಿಎ ಅನ್ನೋ ಇನ್ನೊಂದು ಜೀನಿನ ಕೈವಾಡ ಇತ್ತು.

ಈಗಿನ ಸೊಫೊಸ್ಬುವಿರ್ ಹಾಗಲ್ಲ. ವೈರಸ್ ತನ್ನ ನಕಲು ಮಾಡಿಕೊಳ್ಳುವ ಕಿಣ್ವವನ್ನೇ ನೇರವಾಗಿ ತಡೆಯುತ್ತದೆ. ಡಕ್ಲಾಟಸ್ವಿರ್ ಅಥವಾ ವೆಲ್ಪಟಸ್ವಿರ್ ಜೊತೆ 12 ವಾರ ನುಂಗಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ವಾಸಿ, ಜೀನ್ ಯಾವುದೇ ಇರಲಿ. ಅಮೆರಿಕದಲ್ಲಿ ಇದೇ ಸೊಫೊಸ್ಬುವಿರ್ 84,000 ಡಾಲರ್ ಅಂತ ಗಲಾಟೆ ಆಗಿತ್ತು. ಇಲ್ಲಿ ತಯಾರಿಸಲು 2014ರಲ್ಲಿ ಪರವಾನಗಿ ಪಡೆದ ಕಂಪನಿಗಳಲ್ಲಿ ನಮ್ಮ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಒಂದು. 2018ರ ಜುಲೈ 28ಕ್ಕೆ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಂತೂ ಪರೀಕ್ಷೆ, ಮಾತ್ರೆ ಎರಡೂ ಪುಕ್ಕಟೆ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಹೋಗಿ ಹತ್ತಿರದ ಚಿಕಿತ್ಸಾ ಕೇಂದ್ರ ಎಲ್ಲಿ ಅಂತ ವಿಚಾರಿಸು. ಯಾವುದೋ ಲ್ಯಾಬಿನವರು ಜೀನ್ ಟೆಸ್ಟ್ ಮಾಡಿಸಿ ಅಂದರಂತಲ್ಲ, ಅದಕ್ಕೆ ದುಡ್ಡು ಸುರಿಯಬೇಡ.

ಮೊದಲು ವೈರಲ್ ಲೋಡ್ ಮಾಡಿಸು. ನಿನಗೆ ಬಂದಿರೋದು ಆಂಟಿಬಾಡಿ ರಿಪೋರ್ಟ್. ರೋಗ ತಾನಾಗಿ ಹೋದವರಲ್ಲೂ ಅದು ಪಾಸಿಟಿವ್ ಬರುತ್ತದೆ. ಲಿವರ್ ಗಟ್ಟಿಯಾಗಿದೆಯಾ ಅಂತ ನೋಡಿಸು. ನಮ್ಮ ದೇಶದಲ್ಲಿ ಹೆಚ್ಚಾಗಿರೋದು 3ನೇ ಬಗೆಯ ವೈರಸ್; ಸಿರೋಸಿಸ್ ಇದ್ದವರಲ್ಲಿ ಅದು ಸ್ವಲ್ಪ ಹಠಮಾರಿ. ಹೆಪಟೈಟಿಸ್ ಬಿ ಪರೀಕ್ಷೆ ಮರೆಯಬೇಡ, ಸಿ ಹೋಗುವಾಗ ಬಿ ತಲೆಯೆತ್ತಬಹುದು. ಆಮೇಲೆ, ತಿಂಡಿಗೆ ಮುಂಚೆ ನುಂಗ್ತೀಯಲ್ಲ ಆ ಗ್ಯಾಸ್ ಮಾತ್ರೆ, ಅದರ ವಿಷಯ ಡಾಕ್ಟರಿಗೆ ಹೇಳಲೇಬೇಕು. ಅದರ ಜೊತೆ ವೆಲ್ಪಟಸ್ವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಾಮಾಲೆಗೆ ಬೇರು ಅರೆದು ಕೊಡುವವರ ಮನೆ ಕಡೆ ಮಾತ್ರ ಹೋಗಬೇಡಪ್ಪ. ಕುಡಿಯೋದನ್ನು ಇವತ್ತೇ ನಿಲ್ಲಿಸು.

ಮಾತ್ರೆ ಮುಗಿದು 12 ವಾರ ಆದ ಮೇಲೆ ಇನ್ನೊಮ್ಮೆ ವೈರಲ್ ಲೋಡ್ ಮಾಡಿಸು. ಅದರಲ್ಲಿ ವೈರಸ್ ಕಾಣದಿದ್ದರೆ ವಾಸಿಯಾಯಿತು ಅಂತಲೇ ಲೆಕ್ಕ.