ಎಣ್ಣೆಬಾವಿಯ ಹೊಗೆಯೂ ಸೈನಿಕರ ಸಿಡಿಮದ್ದೂ

ಸಿರುಗುಪ್ಪ, ಕುರುಗೋಡುಗಳ ಭತ್ತದ ಗದ್ದೆಗಳಿಗೆ ನೀರುಣಿಸುವುದು ತುಂಗಭದ್ರೆ. ತುಂಗಭದ್ರೆಯನ್ನು ತುಂಬಿಸುವುದು ಪಶ್ಚಿಮ ಘಟ್ಟಗಳ ಮುಂಗಾರು. ದೂರದ ಕುವೈತಿನ ಹೊಗೆಯಿಂದ ಈ ಮುಂಗಾರಿಗೇ ಭಂಗ ಬಂದೀತೆಂದು 1991ರಲ್ಲಿ ಕೆಲವು ವಿಜ್ಞಾನಿಗಳು ಶಂಕಿಸಿದ್ದರು. ಆ ವರ್ಷದ ಆರಂಭದಲ್ಲಿ ಇರಾಕಿನ ಸೇನೆಯು ಹಿಮ್ಮೆಟ್ಟುವಾಗ ಅಲ್ಲಿನ 600ಕ್ಕೂ ಹೆಚ್ಚು ಎಣ್ಣೆಬಾವಿಗಳಿಗೆ ಬೆಂಕಿಯಿಟ್ಟಿತ್ತು. ಇಂತಹ ಹೊಗೆಯನ್ನು ಸೈನ್ಯಬಲದಿಂದ ಅಡಗಿಸಬಹುದೆ?

ಮೊದಲು ಹೊಗೆಯ ಮೂಲವನ್ನು ಅರಿಯೋಣ. ಉರಿಯುವ ಲಾಟೀನಿನ ಗಾಜನ್ನು ತೆಗೆದರೆ ಜ್ವಾಲೆಯು ಮಸಿಯನ್ನು ಕಾರುತ್ತದೆ; ಗಾಜನ್ನಿಟ್ಟೊಡನೆ ಗಾಳಿಯ ಸೆಳೆತ ಹೆಚ್ಚಿ ಹೊಗೆ ಕುಗ್ಗುತ್ತದೆ. ಸಾಕಷ್ಟು ಆಮ್ಲಜನಕ ದೊರೆಯದೆ ಉರಿಯದುಳಿದ ಇಂಗಾಲದ ಕಣಗಳೇ ಮಸಿ. ಎಣ್ಣೆಬಾವಿಯಲ್ಲಿ ಎಣ್ಣೆಯು ಚಿಮ್ಮುವ ರಭಸಕ್ಕೆ ಸರಿಯಾಗಿ ಗಾಳಿಯು ಬೆರೆಯಲಾರದು. ಆದುದರಿಂದ ಹೊಗೆಯನ್ನು ನಿಲ್ಲಿಸಬೇಕಾದರೆ ಬೆಂಕಿಯನ್ನೇ ನಿಲ್ಲಿಸಬೇಕು.

ವಿಮಾನದಿಂದ ಬಾಂಬು ಹಾಕಿದರೆ ಆಗದೆ? 1991ರ ಜನವರಿಯಲ್ಲಿ ಅಮೆರಿಕದ ವಿಮಾನಗಳು ಕುವೈತಿನ ಅಲ್ ಅಹ್ಮದಿಯಲ್ಲಿ ಕೊಳವೆಗಳ ಕೂಡುಸ್ಥಾನವನ್ನು ಬಾಂಬಿನಿಂದ ಒಡೆದು, ಸಮುದ್ರಕ್ಕೆ ಹರಿಯುತ್ತಿದ್ದ ಎಣ್ಣೆಯನ್ನು ತಡೆದುದುಂಟು. ಆದರೆ ಬಾವಿಯಲ್ಲಿ ಒತ್ತಡವು ಭೂಗರ್ಭದಿಂದಲೇ ಬರುತ್ತದೆ. ಬಾಯಿಯನ್ನು ಒಡೆದರೆ ಎಣ್ಣೆಯ ಹರಿವು ಮತ್ತಷ್ಟು ಹೆಚ್ಚೀತು.

ಸಿಡಿಮದ್ದನ್ನು ಬೇರೊಂದು ರೀತಿಯಲ್ಲಿ ಬಳಸುವುದುಂಟು. ಕಾದ ಲೋಹವನ್ನು ನೀರಿನಿಂದ ತಣಿಸಿ, ಉದ್ದನೆಯ ತೋಳಿನ ತುದಿಯಲ್ಲಿ ಮದ್ದನ್ನು ಜ್ವಾಲೆಯ ಬುಡಕ್ಕೆ ಒಯ್ದು ಸಿಡಿಸುತ್ತಾರೆ. ಸ್ಫೋಟದ ಅಲೆಯು ಉರಿಯನ್ನು ಎಣ್ಣೆಯಿಂದ ಕ್ಷಣಕಾಲ ಬೇರ್ಪಡಿಸುತ್ತದೆ. ನಾವು ದೀಪವನ್ನು ಊದಿ ಆರಿಸುವಂತೆಯೇ ಇದು. ಹಂಗೆರಿಯವರು ಹಳೆಯ ಟಿ-34 ಟ್ಯಾಂಕಿನ ಮೇಲೆ ಮಿಗ್-21 ವಿಮಾನದ ಎರಡು ಎಂಜಿನುಗಳನ್ನು ಕೂರಿಸಿ, ಅವುಗಳ ಬಿರುಗಾಳಿಯಲ್ಲಿ ನೀರನ್ನೆರಚಿ ಇದೇ ಕೆಲಸವನ್ನು ಸಾಧಿಸಿದರು.

ಆದರೆ ಉರಿ ಆರಿದ ಮಾತ್ರಕ್ಕೆ ಅಪಾಯವು ಕಳೆಯುವುದಿಲ್ಲ. ಎಣ್ಣೆಯೂ ಅನಿಲವೂ ಚಿಮ್ಮುತ್ತಲೇ ಇರುತ್ತವೆ. ಒಂದು ಕಿಡಿ ಸಾಕು, ಮತ್ತೆ ಹೊತ್ತಿಕೊಳ್ಳಲು. ಆದಕಾರಣ ಬಾವಿಗೆ ಮುಚ್ಚಳ ಹಾಕಬೇಕು, ಇಲ್ಲವೆ ಭಾರವಾದ ಕೆಸರನ್ನು ಒಳಕ್ಕೆ ತಳ್ಳಬೇಕು. ನೀರಿನ ಎರಡು ಪಟ್ಟು ಸಾಂದ್ರತೆಯ ಕೆಸರು 3,000 ಮೀಟರ್ ಎತ್ತರದ ಕಂಬವಾಗಿ ನಿಂತರೆ, ಅದರ ತಳದಲ್ಲಿ ವಾಯುಮಂಡಲದ ಒತ್ತಡದ ಸುಮಾರು 580 ಪಟ್ಟು ಒತ್ತಡವುಂಟಾಗುತ್ತದೆ. ಭೂಗರ್ಭದ ಒತ್ತಡವನ್ನು ಗೆಲ್ಲುವುದು ಈ ತೂಕವೇ. 1966ರಲ್ಲಿ ಸೋವಿಯತ್ ಒಕ್ಕೂಟವು ಉಜ್ಬೇಕಿಸ್ತಾನದ ಉರ್ತಾಬುಲಾಕಿನಲ್ಲಿ, ಸುಮಾರು ಮೂರು ವರ್ಷ ಉರಿದಿದ್ದ ಅನಿಲಬಾವಿಯನ್ನು ಪರಮಾಣು ಸ್ಫೋಟದಿಂದ ಆರಿಸಿತು. ಅಲ್ಲಿಯೂ ನೆಲದಾಳದ ಬಂಡೆಯನ್ನು ಅದುಮಿ ಅನಿಲದ ದಾರಿಯನ್ನು ಮುಚ್ಚಿದುದರಿಂದಲೇ ಉರಿ ನಿಂತಿತು.

ಕುವೈತಿನ ಕೊನೆಯ ಬಾವಿಯನ್ನು 1991ರ ನವೆಂಬರ್ 6ರಂದು ಮುಚ್ಚಲಾಯಿತು. ಹೊಗೆಯು ಅಲ್ಲಿ ಹಗಲನ್ನೇ ಮಬ್ಬಾಗಿಸಿದರೂ ಸ್ತರಗೋಳವನ್ನು ಮುಟ್ಟಲಿಲ್ಲ. ಮಸಿಯು ಬಹುಕಾಲ ಮೇಲುಳಿಯದೆ ಮಳೆಯೊಡನೆಯೂ ತಾನಾಗಿಯೂ ಕೆಳಗಿಳಿಯಿತು. ಹೀಗಾಗಿ ಮುಂಗಾರಿಗೆ ಶಂಕಿಸಿದ್ದ ವಿಪತ್ತು ಒದಗಲಿಲ್ಲ. ಬೆಂಕಿಯಿಡಲು ಸೈನಿಕರಿಗೆ ಕೆಲವು ದಿನಗಳು ಸಾಕಾಗಿದ್ದವು. ಆರಿಸಲು ಹಲವು ದೇಶಗಳ ತಜ್ಞರಿಗೆ ತಿಂಗಳುಗಳೇ ಬೇಕಾದವು. ವಿದ್ಯಾರ್ಥಿಗಳು ಈ ಅಂತರವನ್ನು ಗಮನದಲ್ಲಿಡಬೇಕು.